ಚೀಟಿಯಲ್ಲಿ ಬರೆಯಬೇಕಿತ್ತಂತೆ

ಪೈಲಟ್ ಪರವಾನಗಿ ವಿಭಾಗದ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ತನ್ಮಯಿ ಹಾರಿದ ನಾನೂರ ಹನ್ನೆರಡು ಗಂಟೆಗಳ ಲಾಗ್‌ಬುಕ್ ಅವಳ ಕಂಪನಿಯ ಮುಖ್ಯಸ್ಥರ ಡ್ರಾಯರಿನಲ್ಲಿ ಸಹಿಯಿಲ್ಲದೆ ಬಿದ್ದಿದೆ. ಬರುವ ಶುಕ್ರವಾರದೊಳಗೆ ಅದು ಹೊರಬರದಿದ್ದರೆ ದೊಡ್ಡ ವಿಮಾನ ಸಂಸ್ಥೆಯ ಕೆಲಸ ಅವಳ ಕೈತಪ್ಪುತ್ತದೆ. ತಮಗಿದು ಗೊತ್ತು, ಅವಳೇ ಬರೆದು ತಿಳಿಸಿದ್ದಾಳೆ. ‘ಇದು ಉದ್ಯೋಗಿ ಮತ್ತು ಸಂಸ್ಥೆಯ ನಡುವಿನ ವಿಷಯ’ ಎಂದು ತಾವು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದೀರಿ. ಇಷ್ಟು ಚುಟುಕಾಗಿ ಬರೆಯಬಲ್ಲವರು ಸರ್ಕಾರಿ ಕಚೇರಿಗಳಲ್ಲಿ ಅಪರೂಪ. ಅಭಿನಂದನೆಗಳು.

ದೊಡ್ಡ ಸಂಸ್ಥೆಗಳು ಅನುಭವ ಕೇಳುತ್ತವೆ. ಅನುಭವಕ್ಕಾಗಿ ಮಕ್ಕಳು ಎಂಟು ಸೀಟಿನ ಬಾಡಿಗೆ ವಿಮಾನ ಹಾರಿಸುವ ಸಣ್ಣ ಕಂಪನಿಗಳ ಬಾಗಿಲು ತಟ್ಟುತ್ತಾರೆ. ಹಾರಿದ ಗಂಟೆಗಳಿಗೆ ಅಲ್ಲಿನ ಮುಖ್ಯಸ್ಥರ ಸಹಿ ಬೇಕು. ಆ ಸಹಿ ಬೇಕಾದರೆ ನನ್ನ ಮಗಳ ಕಂಪನಿಯಲ್ಲಿ ಒಂದು ಪದ್ಧತಿ ಪಾಲಿಸಬೇಕು. ಪರಊರಿನಲ್ಲಿ ವಿಮಾನದ ದೋಷ ಕಣ್ಣಿಗೆ ಬಿದ್ದರೆ ಅದನ್ನು ದೋಷ ಪುಸ್ತಕದಲ್ಲಿ ಬರೆಯಬಾರದು. ಚೀಟಿಯಲ್ಲಿ ಗೀಚಿ ಜೇಬಿಗಿಟ್ಟುಕೊಂಡು, ಬೆಂಗಳೂರಿಗೆ ಮರಳಿದ ಮೇಲೆ ಇಂಜಿನಿಯರ್ ಕೈಗೆ ಕೊಡಬೇಕು. ಪುಸ್ತಕದಲ್ಲಿ ಬರೆದರೆ ದುರಸ್ತಿಯಾಗುವವರೆಗೆ ವಿಮಾನ ಏಳುವಂತಿಲ್ಲವಲ್ಲ!

ಎರಡು ತಿಂಗಳ ಹಿಂದೆ ಕಲಬುರಗಿಯಲ್ಲಿ, ಹೊರಡುವ ಮುಂಚೆ ವಿಮಾನದ ಸುತ್ತ ನೋಡಿ ಬರುತ್ತಿದ್ದ ತನ್ಮಯಿಗೆ ಎಡಚಕ್ರದ ಬ್ರೇಕಿನಿಂದ ಎಣ್ಣೆ ಜಿನುಗುವುದು ಕಂಡಿತು. ‘ಚೀಟೀಲಿ ಬರ್ಕೊಳಮ್ಮ, ಬುಕ್ ಮುಟ್ಬೇಡ. ಗೆಸ್ಟ್ ಬಂದ್ಬಿಟ್ರು’ ಎಂದರು ಕ್ಯಾಪ್ಟನ್. ಅವಳು ಪುಸ್ತಕವನ್ನೇ ತೆರೆದಳು. ವಿಮಾನ ಅಲ್ಲೇ ನಿಂತಿತು, ಗಣ್ಯರು ಬಯ್ದುಕೊಳ್ಳುತ್ತ ಕಾರು ಹತ್ತಿದರು. ಅಂದಿನಿಂದ ಅವಳಿಗೆ ಹಾರಾಟವೂ ಇಲ್ಲ, ಸಹಿಯೂ ಇಲ್ಲ. ‘ಸರ್ ಬ್ಯುಸಿ ಇದಾರೆ, ನಾಳೆ ಬನ್ನಿ’ ಎನ್ನುತ್ತಾರೆ ಕಂಪನಿಯವರು. ಇಂಥ ಹದಿನಾಲ್ಕು ನಾಳೆಗಳು ಕಳೆದವು.

ಅವಳಿಗೆ ಈ ಕೆಟ್ಟ ಚಾಳಿ ಕಲಿಸಿದವನು ನಾನೇ. ಮೂವತ್ತೊಂದು ವರ್ಷ ವಿಮಾನ ಕಾರ್ಖಾನೆಯಲ್ಲಿ ತಪಾಸಣೆ ಮಾಡಿದವನು. ಕಂಡದ್ದನ್ನು ಬರೆ, ಬರೆದದ್ದಕ್ಕೆ ಸಹಿ ಹಾಕು ಎಂದು ಊಟಕ್ಕೆ ಕೂತಾಗಲೂ ಕೊರೆಯುತ್ತಿದ್ದೆ. ಈಗ ನನ್ನ ಹೆಂಡತಿ ರಮಾಮಣಿ, ‘ಒಂದು ಚೀಟೀಲಿ ಬರ್ದಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು ರೀ?’ ಎನ್ನುತ್ತಾಳೆ. ನನಗೆ ಸಿಟ್ಟು ಬರುತ್ತದೆ.

ಮಾನ್ಯರೇ, ಅವಳು ಹಾರಿದ್ದು ನಿಜವೇ ಸುಳ್ಳೇ ಎಂದು ತಿಳಿಯಲು ಆ ಮುಖ್ಯಸ್ಥರ ಮುನಿಸು ಇಳಿಯಬೇಕೇ? ಪ್ರತಿ ಪ್ರಯಾಣದ ದಾಖಲೆ ವಿಮಾನದಲ್ಲೇ ಇದೆ, ಅದರಲ್ಲಿ ಅವಳ ಹೆಸರೂ ಇದೆ. ಅವಳ ಲಾಗ್‌ಬುಕ್ಕನ್ನೂ ವಿಮಾನದ ಆ ದಾಖಲೆಯನ್ನೂ ತರಿಸಿ ಪಕ್ಕಪಕ್ಕ ಇಟ್ಟು ನೋಡಿ. ತಾಳೆಯಾದರೆ ಶುಕ್ರವಾರದೊಳಗೆ ತಾವೇ ದೃಢೀಕರಿಸಿ. ನಾನು ಬೇಡುತ್ತಿರುವುದು ಕೃಪೆಯಲ್ಲ, ಇದು ತಮ್ಮ ಕೆಲಸ.

ನಿನ್ನೆಯೂ ಬರಿಗೈಯಲ್ಲಿ ಮರಳಿದವಳು ಹಲಸೂರು ಮೆಟ್ರೊ ನಿಲ್ದಾಣಕ್ಕೆ ಕರೆಯಲು ಹೋಗಿದ್ದ ನನ್ನನ್ನು ಮೆಟ್ಟಿಲಿಳಿಯುತ್ತ ಕೇಳಿದಳು: ‘ಅಪ್ಪಾ, ಇನ್ನೊಂದ್ಸಲ ಹಂಗೇ ಎಣ್ಣೆ ಕಂಡ್ರೆ ಎಲ್ಲಿ ಬರೀಲಿ?’ ಅವಳ ಪ್ರಶ್ನೆಗೆ ನಾನು ಸುಮ್ಮನಾದದ್ದು ಅದೇ ಮೊದಲು, ನನಗೆ ಭಯವಾಯಿತು. ತಾವು ಹತ್ತುವ ವಿಮಾನದ ಚಕ್ರವನ್ನೂ ಇಂಥ ಯಾರೋ ಒಬ್ಬಳು ಬಗ್ಗಿ ನೋಡಿರುತ್ತಾಳೆ. ಎಲ್ಲಿ ಬರೆಯಬೇಕೆಂದು ಅವಳಿಗೆ ತಾವೇ ಹೇಳಿ. ಕಚೇರಿಯ ಮುದ್ರೆ ಒತ್ತಿ, ಸಹಿ ಹಾಕಿ ಹೇಳಿ. ದಯವಿಟ್ಟು ಚೀಟಿಯಲ್ಲಿ ಬೇಡ.

ಇಂತಿ,
ಮಗಳಿಗೆ ಇನ್ನೂ ಉತ್ತರ ಹೇಳದ ಅಪ್ಪ,
ಕೃಷ್ಣಸ್ವಾಮಿ
ನಿವೃತ್ತ ವಿಮಾನ ತಪಾಸಕ, ಹಲಸೂರು