ರಾಜನ ಕುದುರೆಗೆ ಎಷ್ಟು ವಯಸ್ಸು

ಫೆಬ್ರವರಿ 9
ನನ್ನ ಐತಿಹಾಸಿಕ ಕಾದಂಬರಿಯ ಆರನೆಯ ಸಂಪುಟ, ಹನ್ನೊಂದನೆಯ ಅಧ್ಯಾಯ. ಬೆಳಿಗ್ಗೆಯಿಂದ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದೇನೆ. ಊಟದ ಹೊತ್ತಾದರೂ ಹೆಬ್ಬಾಗಿಲು ಮುರಿದಿಲ್ಲ. ನಡುವೆ ಕೊರಿಯರ್‌ನವನಿಗೆ ನಮ್ಮ ಬಾಗಿಲು ತೆರೆದದ್ದೇ ಬಂತು. ಐದನೆಯ ಸಂಪುಟದ ಕೊನೆಗೇ ರಾಜನಿಗೆ ಅರವತ್ತು ತುಂಬಿತ್ತು. ಅದೇ ಬಿಳಿ ಕುದುರೆ, ಮಿಂಚು, ಅದರ ಮೇಲೇ ಕೂತಿದ್ದಾನೆ.

ಓದುಗರಿಗೆ ರಾಜನಿಗಿಂತ ಮಿಂಚೇ ಹೆಚ್ಚು. ಐದು ಮುಖಪುಟಗಳಲ್ಲೂ ಅದೇ. ರಾಜನಿಗೆ ಮೂಲೆಯಲ್ಲಿ ಜಾಗ ಸಿಕ್ಕಿದರೆ ಪುಣ್ಯ. ಮಾವನವರು ಮಗಳ ಮನೆ ಅಂತ ನಮ್ಮಲ್ಲಿಗೆ ಬಂದು ಮೂರು ವರ್ಷವಾಯಿತು, ಕುದುರೆ ಇಲ್ಲದ ಒಂದು ಪುಟವನ್ನೂ ಓದಿಲ್ಲ.

ಫೆಬ್ರವರಿ 10
ಫೋನ್. ನಿವೃತ್ತ ಪಶುವೈದ್ಯರಂತೆ. ಹೊಗಳುತ್ತಾರೆಂದು ನೆಟ್ಟಗೆ ಕೂತೆ. ನಿಮ್ಮ ಕುದುರೆ ಏನು ತಿನ್ನುತ್ತದೆ ಎಂದು ಕೇಳಿದರು. ಹುಲ್ಲು, ಹುರುಳಿ ಅಂದೆ.

"ಬರೀ ಹುಲ್ಲು ತಿಂದು ಐವತ್ಮೂರು ವರ್ಷ ಬದುಕ್ತಾ ಸಾರ್?"

ಮೊದಲ ಸಂಪುಟ ತೆಗೆದು ನೋಡಿದೆ. ರಾಜನಿಗೆ ಹನ್ನೆರಡು, ಕುದುರೆಗೆ ಐದು. ಕತ್ತಿಯ ತೂಕ, ಪೇಟದ ಉದ್ದ ಎಲ್ಲದಕ್ಕೂ ಆಧಾರ ಹುಡುಕಿದವನು ನಾನು. ಕುದುರೆಯನ್ನು ಸಾಯಿಸುವುದನ್ನೇ ಮರೆತಿದ್ದೇನೆ!

ಫೆಬ್ರವರಿ 11
ಪ್ರಕಾಶಕರಿಗೆ ಹೇಳಿದೆ. ಬೇಕಾದರೆ ರಾಜನನ್ನು ಸಾಯಿಸಿ, ಕುದುರೆಯ ತಂಟೆಗೆ ಹೋಗಬೇಡಿ ಅಂದರು. ಮುಖಪುಟ ಆಗಲೇ ಅಚ್ಚಾಗಿದೆಯಂತೆ. ಆದರೂ ಹಟ ಹಿಡಿದು ಮಿಂಚಿಗೊಂದು ವೀರಮರಣ ಬರೆದೆ. ಚೆನ್ನಾಗಿ ಬಂತು. ನಾನೇ ಅತ್ತುಬಿಟ್ಟೆ.

ಫೆಬ್ರವರಿ 16
ಬರೆಯಲು ಪುರುಸೊತ್ತಿಲ್ಲ. ಆಸ್ಪತ್ರೆ, ಮನೆ, ಆಸ್ಪತ್ರೆ... ಮಾವನವರಿಗೆ ಎದೆನೋವು ಬಂತು, ಗ್ಯಾಸ್ ಅಂದುಕೊಂಡಿದ್ದೆವು, ಅಲ್ಲವಂತೆ. ಹೃದಯದ ಆಪರೇಷನ್ ಆಗಲೇಬೇಕು, ತಡ ಮಾಡುವಂತಿಲ್ಲ. ಅವರು ಸಹಿ ಹಾಕಲು ಸುತರಾಂ ಒಪ್ಪುತ್ತಿಲ್ಲ. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು:

"ಮಿಂಚು ಏನಾಗುತ್ತೆ ಅಂತ ತಿಳೀದೆ ನಾನು ಒಳಗೆ ಹೋಗಲ್ಲ, ಅಳಿಯಂದ್ರೇ. ಬರೆದಿರೋದನ್ನ ತಂದ್ಕೊಡಿ."

ಹೆದರಿದ್ದಾರೆ. ನನಗೂ ಹೆದರಿಕೆ. ಕುದುರೆ ಉಳಿದರೆ ಪಶುವೈದ್ಯರು ಮಾನ ಹರಾಜು ಹಾಕುತ್ತಾರೆ. ಸತ್ತರೆ ಮಾವ ಸಹಿ ಹಾಕುವುದಿಲ್ಲ.

ಫೆಬ್ರವರಿ 17, ಬೆಳಿಗ್ಗೆ
ತಡೆಯಲಾರದೆ, ಮಿಂಚನ್ನು ಕೊಂದಿರುವುದನ್ನು ಹೆಂಡತಿಗೆ ಹೇಳಿಬಿಟ್ಟೆ. ಬೈಯಲಿಲ್ಲ. ಆಸ್ಪತ್ರೆಯ ಫ್ಲಾಸ್ಕ್ ತೊಳೆಯುತ್ತಾ ತನ್ನ ಮೀನಿನ ಕಥೆ ತೆಗೆದಳು. ಚಿಕ್ಕವಳಿದ್ದಾಗ ಗಾಜಿನ ಬೋಗುಣಿಯಲ್ಲಿ ಕೆಂಪು ಮೀನೊಂದಿತ್ತಂತೆ. ಅದು ಸತ್ತಾಗಲೆಲ್ಲ, ಇವಳು ಸ್ಕೂಲಿನಿಂದ ಬರುವಷ್ಟರಲ್ಲಿ ಅಪ್ಪ ಅಂಥದ್ದೇ ಇನ್ನೊಂದನ್ನು ತಂದು ಬಿಡುತ್ತಿದ್ದರಂತೆ.

"ಮೂರು ಸಲ ಬದಲಾಯಿಸಿದ್ರು. ಪ್ರತಿ ಸಲವೂ ನಂಗೆ ಗೊತ್ತಾಗ್ತಿತ್ತು."

ಮತ್ತೆ ಯಾಕೆ ಹೇಳಲಿಲ್ಲ ಅಂದೆ.

"ಪಾಪ, ಬೆವರು ಸುರಿಸ್ಕೊಂಡು ತಂದಿರ್ತಿದ್ರು."

ಫ್ಲಾಸ್ಕಿಗೆ ಮುಚ್ಚಳ ತಿರುಗಿಸಿ ಹೊರಟಳು. ನಾನು ಮೇಜಿಗೆ ಓಡಿದೆ.

ಅದೇ ದಿನ, ಸಂಜೆ
ವೀರಮರಣ ಕಸದಬುಟ್ಟಿಗೆ. ಹೊಸ ಅಧ್ಯಾಯ — ಮಿಂಚು ಸತ್ತಾಗಲೆಲ್ಲ ಲಾಯದ ಮುದುಕ ಅದರದೇ ಬೆಳೆದ ಬಿಳಿ ಮರಿಯೊಂದಕ್ಕೆ ಅದೇ ಜೀನು ಬಿಗಿದು ನಿಲ್ಲಿಸುತ್ತಿದ್ದ. ರಾಜನಿಗೆ ಗೊತ್ತಿತ್ತು. ಒಮ್ಮೆಯೂ ಬಾಯಿ ಬಿಡಲಿಲ್ಲ.

ಫೆಬ್ರವರಿ 18
ಮಾವ ಓದಿದರು. ಮೊದಲ ಸಲ, ಒಂದು ಪುಟವನ್ನೂ ಹಾರಿಸದೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅವರ ಮಗಳು ಕಿಟಕಿಯ ಪರದೆ ಸರಿಮಾಡುತ್ತಿದ್ದಳು, ಅದು ಸರಿಯಾಗಿಯೇ ಇತ್ತು.

"ಮುದುಕ ಎಷ್ಟು ಸಲ ಬದಲಾಯಿಸಿದ ಅಂತ ರಾಜ ಲೆಕ್ಕ ಇಟ್ಟಿದ್ನಾ?" ನನ್ನನ್ನು ಕೇಳಿದರು, ನೋಡಿದ್ದು ಅವಳನ್ನು.

"ಮೂರು ಸಲ, ಅಪ್ಪ," ಅಂದಳು, ತಿರುಗದೆ.

ಪೆನ್ ಕೇಳಿ ಸಹಿ ಹಾಕಿದರು.

ಫೆಬ್ರವರಿ 19, ಆಸ್ಪತ್ರೆಯ ಬೆಂಚು
ಒಳಗೆ ಕರೆದೊಯ್ದು ತುಂಬ ಹೊತ್ತಾಯಿತು. ಹೆಂಡತಿ ಬಲಗೈ ಹಿಡಿದು ಕೂತಿದ್ದಾಳೆ, ಬಿಡುತ್ತಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದ ಹಾಗಿದೆ. ಐದು ಸಂಪುಟಗಳಲ್ಲಿ ದಂಡುಗಟ್ಟಲೆ ಸೈನಿಕರನ್ನು ಕಣ್ಣು ಮಿಟುಕಿಸದೆ ಕೊಂದವನು ನಾನು. ಇವರೊಬ್ಬರು ಉಳಿಯಲಿ...

ಡಾಕ್ಟರ್ ಬಂದರು. ಎಲ್ಲ ಚೆನ್ನಾಗಿ ಆಯಿತಂತೆ. ಹೋಗುತ್ತಿದ್ದವರು ಏನೋ ನೆನಪಾಗಿ ತಿರುಗಿ ಇವಳಿಗೆ ಹೇಳಿದರು:

"ಇಂಜೆಕ್ಷನ್ ಕೊಡೋ ಮುಂಚೆ ನಿಮಗೊಂದು ಮಾತು ತಿಳಿಸಿ ಅಂದಿದ್ರು. ಮೂರಲ್ಲ, ನಾಲ್ಕಂತೆ. ಒಂದು ಸಲ ನಿಮಗೆ ಗೊತ್ತೇ ಆಗಲಿಲ್ವಂತೆ."

ಕೈ ಬಿಟ್ಟು ಎದ್ದಳು. ನಗುತ್ತಿದ್ದಾಳೆ, ಕಣ್ಣು ಮೂಗು ಎಲ್ಲ ಸುರಿಯುತ್ತಿದೆ. ಯಾವ ಮೀನು, ಯಾವಾಗ ಎಂದು ಡಾಕ್ಟರನ್ನೇ ಕೇಳುತ್ತಿದ್ದಾಳೆ. ಅವರಿಗೇನು ಗೊತ್ತು ಪಾಪ. ನಾನೇ ಹೋಗಿ—