ಗಂಟಲು ಸುಟ್ಟವಳ ನಗು

ಭಾನುವಾರ, ಮಧ್ಯಾಹ್ನ

ಮೌನಿಬಾಬಾ,

ನಾವು ಬೇರೆಯಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಕ್ಷೇಮ ಸಮಾಚಾರ ಕೇಳುವ ಸ್ಥಿತಿಯಲ್ಲಿ ನಾನಿಲ್ಲ.

ನಿನ್ನೆ ಆ ಕೃತಕ ಮನುಷ್ಯರ ಸಿನಿಮಾದ ಎರಡನೇ ಭಾಗಕ್ಕೆ ಅಕ್ಕನ ಜೊತೆ ಹೋಗಿದ್ದೆ. ಮೊದಲ ಭಾಗದಲ್ಲಿ ಕಾರ್ಖಾನೆಯಲ್ಲಿ ತಯಾರಾದ ಆ ಹೆಣ್ಣಿಗೆ ಕಂಠ ಕೊಟ್ಟವಳು ನಾನು, ಧ್ವನಿಮುದ್ರಿಸಿದವನು ನೀನು. ಕೊನೆಯಲ್ಲಿ ಅವಳ ಗಂಟಲು ಸುಟ್ಟುಹೋಗುತ್ತದೆ. ಇನ್ನೆಂದೂ ಮಾತಾಡಲಾರಳೆಂದು ಅವಳನ್ನು ತಯಾರಿಸಿದ ಮುದುಕನೇ ಹೇಳಿ ಸಾಯುತ್ತಾನೆ. ಹಾಗಾಗಿ ನಿರ್ದೇಶಕರು, "ಈ ಸಲ ನಿಮ್ಮ ಪಾತ್ರಕ್ಕೆ ಮಾತೇ ಇಲ್ಲಮ್ಮ" ಎಂದಾಗ ನಂಬಿಬಿಟ್ಟಿದ್ದೆ.

ಶುರುವಿನಿಂದಲೇ ಎಡವಟ್ಟು. ಹೋದ ಸಲ ಎಡಗೈ ಕಳೆದುಕೊಂಡವಳಿಗೆ ಈ ಸಲ ಬಲಗೈ ಇಲ್ಲ. ಸತ್ತ ಮುದುಕ ಆರಾಮವಾಗಿ ಕನ್ನಡಕ ಹುಡುಕುತ್ತ ಬಂದ. ಅಕ್ಕ ನಕ್ಕು ನಕ್ಕು ಸುಸ್ತಾದಳು. ಅಷ್ಟರಲ್ಲಿ ಆ ಹೆಣ್ಣು ಬಾಯಿ ತೆರೆದಳು.

ನನ್ನ ದನಿ.

ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಇವಳ ಗಂಟಲು ಸುಟ್ಟಿತ್ತಲ್ವಾ? ಯಾವಾಗ ರಿಪೇರಿ ಆಯ್ತು?" ಎಂದಳು. ಅಕ್ಕ ನನ್ನ ಕಡೆ ತಿರುಗಿ, "ಇದಕ್ಕೂ ನೀನೇ ಮಾತಾಡಿದ್ದೀಯಾ? ಹೇಳ್ಲೇ ಇಲ್ವಲ್ಲೇ!" ಎಂದಳು. ನಾನೆಂದೂ ಆಡದ ಮಾತುಗಳನ್ನು ನನ್ನ ದನಿ ಆಡುತ್ತಿತ್ತು. ಉಸಿರು ತೆಗೆದುಕೊಳ್ಳುವ ಜಾಗ ಕೂಡ ನನ್ನದೇ.

ಆಮೇಲೆ ಅವಳು ಮಹಡಿಯ ಮೇಲೆ ನಿಂತು ನಕ್ಕಳು. ನಮ್ಮ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ನೀನು ಹೊಸ ಮೈಕ್ ಪರೀಕ್ಷಿಸಿದ ದಿನ ನಾನು ಹೊಟ್ಟೆ ಹಿಡಿದುಕೊಂಡು ನಕ್ಕ ನಗು! ಕೊನೆಗೆ ಬಿಕ್ಕಳಿಕೆ ಬಂದಿತ್ತಲ್ಲ, ಅದೂ ಇದೆ. ಕಾರ್ಖಾನೆಯ ಹೆಣ್ಣಿಗೆ ಬಿಕ್ಕಳಿಕೆಯೇ ಎಂದು ಇಡೀ ಥಿಯೇಟರ್ ಗೊಳ್ಳೆಂದಿತು. ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕುಳಿತಿದ್ದೆ.

ಇವತ್ತು ಬೆಳಿಗ್ಗೆ ನಿರ್ದೇಶಕರ ಮನೆಗೇ ಹೋದೆ. "ಮೂಕಿ ಪಾತ್ರ ಜನಕ್ಕೆ ಹಿಡಿಸಲ್ಲ ಅನ್ನಿಸ್ತಮ್ಮ. ನಿಮ್ಮ ಹಳೇ ದನಿನ ಎಐ ಯಂತ್ರಕ್ಕೆ ಹಾಕಿದ್ವಿ, ಅದು ಹೊಸ ಮಾತು ಮಾಡಿ ಕೊಡ್ತು. ನಗು ಮಾತ್ರ ಅದಕ್ಕೆ ಬರ್ಲಿಲ್ಲ. ಅದನ್ನ ನಿಮ್ಮ ಯಜಮಾನ್ರು ಕೊಟ್ರು. ನಿಮಗೆ ಗೊತ್ತಿದೆ ಅಂದ್ಕೊಂಡೆ" ಎಂದರು.

"ನಾನಿನ್ನೂ ಬದುಕಿದ್ದೀನಿ ಸಾರ್, ಫೋನೂ ಇದೆ. ಒಂದು ಮಾತು ಕೇಳೋಕೆ ಏನಾಗಿತ್ತು?" ಎಂದೆ. ನನ್ನ ದನಿ ತೆಗೆಯದಿದ್ದರೆ ಕಂಠದಾನ ಕಲಾವಿದರ ಸಂಘಕ್ಕೆ ಹೋಗುತ್ತೇನೆಂದು ಎದ್ದು ನಿಂತಾಗ ಅವರು ಒಪ್ಪಿದರು. ಶುಕ್ರವಾರ ಥಿಯೇಟರುಗಳಿಗೆ ಬದಲಾದ ಪ್ರತಿ ಬರುತ್ತದೆ, ಅಲ್ಲಿಂದ ಅವಳು ಮೂಕಿ. ನಗುವೂ ಹೋಗುತ್ತದೆ.

ಯಂತ್ರದ ಜೊತೆ ನನಗೆ ಜಗಳವಿಲ್ಲ. ಮನೆ ಬಿಡುವಾಗ ಪಾತ್ರೆ ಪಡಗ, ಪುಸ್ತಕ ಎಲ್ಲ ಹಂಚಿಕೊಂಡೆವು. ಈ ನಗು ನಿನ್ನ ಹತ್ತಿರ ಇದೆಯೆಂದು ನೀನು ಬಾಯಿಬಿಡಲಿಲ್ಲ. ಇಷ್ಟು ದಿನ ಇಟ್ಟುಕೊಂಡವನು ಈಗ ಯಾಕೆ ಕೊಟ್ಟೆ? ಬರೆದು ತಿಳಿಸು. ಫೋನ್ ಮಾಡಬೇಡ, ಫೋನಿನಲ್ಲಿ ನೀನು 'ಹೂಂ' ಬಿಟ್ಟು ಬೇರೇನೂ ಹೇಳುವುದಿಲ್ಲ.

ಇಂತಿ,
ಇನ್ನೂ ಸಿಟ್ಟಿಳಿಯದ
ವಟವಟ

ತಾ.ಕ.: ಆ ದೃಶ್ಯದಲ್ಲಿ ಅವಳು ಒಬ್ಬಳೇ. ಆದರೂ ಅವಳ ನಗುವಿನ ಹಿಂದೆ ಒಬ್ಬ ಗಂಡಸು ನಗುವುದು ಸಣ್ಣಗೆ ಕೇಳಿಸುತ್ತದೆ. ಥಿಯೇಟರಿನಲ್ಲಿ ಯಾರೂ ಗಮನಿಸಲಿಲ್ಲ, ನಿರ್ದೇಶಕರಿಗೆ ನಾನೂ ಹೇಳಲಿಲ್ಲ. ಶುಕ್ರವಾರದೊಳಗೆ ಇನ್ನೊಮ್ಮೆ ಹೋಗಿ ಕೇಳಿ ಬರಬೇಕು. ಅಕ್ಕನನ್ನು ಕರೆಯುವುದಿಲ್ಲ.