ದಾಲ್ಚಿನ್ನಿಗೆಂದು ತೊಟ್ಟ ಕೋಟು

ಥಿಸ್ಟೆಡ್, ಶನಿವಾರ

ಅಕ್ಕಾ,

ಗುರುವಾರ ನನಗೆ ಇಪ್ಪತ್ತೈದು ತುಂಬಿತು. ಮದುವೆಯಾಗದೆ ಆ ವಯಸ್ಸು ಮುಟ್ಟಿದವರನ್ನು ನಮ್ಮೂರಿನಂತೆ ಇಲ್ಲಿಯೂ ಗೆಳೆಯರು ದೀಪದ ಕಂಬಕ್ಕೆ ಕಟ್ಟಿ ದಾಲ್ಚಿನ್ನಿ ಪುಡಿ ಸುರಿಯುತ್ತಾರೆ. ಹೋದ ವಾರವಷ್ಟೇ ಬೇಕರಿಯ ಹುಡುಗಿಗೆ ಸುರಿದದ್ದನ್ನು ಕಂಡಿದ್ದೆ. ಅದಕ್ಕೇ ಹಳೆಯ ಕೋಟು ತೊಟ್ಟು, ನೀನು ಕಳಿಸಿದ ಈಜುಗನ್ನಡಕವನ್ನು ಜೇಬಿನಲ್ಲಿಟ್ಟುಕೊಂಡು ಗ್ರಂಥಾಲಯಕ್ಕೆ ಕೆಲಸಕ್ಕೆ ಹೋದೆ. ರೂಢಿಯಂತೆ ನಾನೇ ಮಾಡಿದ ಕೇಕಿಗೆ ಪುಟ್ಟ ಬಾವುಟ ಸಿಕ್ಕಿಸಿ ಎಲ್ಲರಿಗೂ ಹಂಚಿದೆ.

"ಇಪ್ಪತ್ತೈದಾ? ಇನ್ನೂ ಒಬ್ಬ ಗಂಡೂ ಸಿಕ್ಕಿಲ್ವೇನೇ?" ಎಂದರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಬೋದಿಲ್. "ನಿನ್ನ ಫ್ರೆಂಡ್ಸು ಪುಡಿ ಹಿಡ್ಕೊಂಡು ಹೊರಗೆ ಕಾಯ್ತಿರ್ತಾರೆ ನೋಡು. ಹಿಂಬಾಗಿಲಿಂದ ಓಡ್ಹೋಗು, ಪುಣ್ಯಾತ್ಗಿತ್ತಿ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಂಜೆ ಮುಂಬಾಗಿಲಿನಿಂದಲೇ ಹೊರಟೆ. ಬಾಗಿಲೆದುರಿನ ದೀಪದ ಕಂಬದ ಬಳಿ ನಿಂತು, ಬಿಗಿಯಾಗಿಯೇ ಇದ್ದ ಬೂಟಿನ ದಾರವನ್ನು ಬಿಚ್ಚಿ ನಿಧಾನವಾಗಿ ಮತ್ತೆ ಕಟ್ಟಿದೆ. ಯಾರೂ ಬರಲಿಲ್ಲ.

ನೆಗಡಿ ವಾಸಿಯಾಗಿದೆ, ಕೋಣೆಯೂ ಬೆಚ್ಚಗಿದೆ. ಇದನ್ನು ಅಮ್ಮನಿಗೆ ತಿಳಿಸು. ಹುಟ್ಟುಹಬ್ಬದ ಬಗ್ಗೆ ಕೇಳಿದರೆ, ಎರಡು ಸಲ ಒಗೆದರೂ ಕೋಟಿನಿಂದ ದಾಲ್ಚಿನ್ನಿಯ ವಾಸನೆ ಹೋಗಿಲ್ಲವಂತೆ ಎಂದುಬಿಡು.

ಮಾಯ್ಕೆನ್